ಮೀನನ್ನು ಕೊಲ್ಲುವುದು ರೋಗವೊಂದೇ ಅಲ್ಲ, ಓದಲಾಗದ ಚೀಟಿಯೂ ಹೌದು!

ಕನ್ನಡದ ತರುಣ ಗೆಳೆಯರೇ,

ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಕಾಣದಿದ್ದರೆ ಮ್ಯಾನೇಜರನ ಮೇಜಿನ ಮುಂದೆ ನಿಂತು ಕೇಳುತ್ತೀರಿ. ಕೇಳಲೇಬೇಕು. ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಮ್ಮ ಮಾನ ಹೋಗುತ್ತದೆ. ಆದರೆ ಇನ್ನೊಂದು ಜಾಗವಿದೆ. ಅಲ್ಲಿ ಕನ್ನಡ ಇಲ್ಲದಿದ್ದರೆ ಒಬ್ಬ ರೈತನ ವರ್ಷದ ದುಡಿಮೆಯೇ ಹೊಟ್ಟೆ ಮೇಲಾಗಿ ನೀರಿನಲ್ಲಿ ತೇಲುತ್ತದೆ. ಯಾವುದು ಆ ಜಾಗ? ಮೀನಿನ ಕೊಳಕ್ಕೆ ಸುರಿಯುವ ಔಷಧಿಯ ಡಬ್ಬಿ!

"ಮೀನಿಗೂ ಕನ್ನಡಕ್ಕೂ ಎಲ್ಲಿಯ ಸಂಬಂಧ?" ಎಂದು ನಗಬೇಡಿ. ಮಂಡ್ಯ, ಶಿವಮೊಗ್ಗ, ರಾಯಚೂರು, ಯಾವ ಜಿಲ್ಲೆಗೆ ಬೇಕಾದರೂ ಹೋಗಿ. ಕೃಷಿ ಹೊಂಡದಲ್ಲಿ, ಗದ್ದೆ ಪಕ್ಕದ ಕೊಳದಲ್ಲಿ, ಹರಾಜಿಗೆ ಹಿಡಿದ ಊರ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಸಾಕುವ ರೈತರಿದ್ದಾರೆ. ಕುಂದಾಪುರ, ಕುಮಟಾ ಕಡೆ ಹಿನ್ನೀರಿನಲ್ಲಿ ಸಿಗಡಿ ಸಾಕುವವರಿದ್ದಾರೆ. ಮೀನಿಗೆ ರೋಗ ಬಂತು ಎಂದು ಗಾಬರಿಯಾದಾಗ ಅವರು ಓಡುವುದು ಔಷಧಿ ಅಂಗಡಿಗೆ. ಅಂಗಡಿಯವನು ಒಂದು ಡಬ್ಬಿ ಕೊಡುತ್ತಾನೆ. ಆ ಡಬ್ಬಿಯನ್ನು ತಿರುಗಿಸಿ ನೋಡಿ. ಮುಂದೆ ನೆಗೆಯುವ ಮೀನಿನ ಬಣ್ಣದ ಚಿತ್ರ. ಹಿಂದೆ ಇರುವೆ ಸಾಲಿನಂತೆ ಇಂಗ್ಲಿಷ್. ಅದರ ನಡುವೆ ಎರಡು ಪದ: ಪಿಪಿಎಂ, ಹೆಕ್ಟೇರ್.

ಈ ಎರಡು ಪದಗಳಲ್ಲೇ ಸಾವು ಅಡಗಿದೆ!

ಎಕರೆ, ಗುಂಟೆ ಗೊತ್ತಿಲ್ಲದ ಡಬ್ಬಿ

ನಮ್ಮ ರೈತ ಭೂಮಿ ಅಳೆಯುವುದು ಎಕರೆ, ಗುಂಟೆಯಲ್ಲಿ. ಡಬ್ಬಿ ಅಳೆಯುವುದು ಹೆಕ್ಟೇರಿನಲ್ಲಿ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿಗೆ ಎಂದು ಬರೆದದ್ದನ್ನು ಎಕರೆಗೆ ಎಂದು ತಿಳಿದು ಸುರಿದರೆ ಕೊಳಕ್ಕೆ ಬೀಳುವುದು ಎರಡೂವರೆ ಪಟ್ಟು ಮದ್ದು. ಆಗ ಅದು ಮದ್ದಲ್ಲ, ವಿಷ.

ಇನ್ನು ಪಿಪಿಎಂ. ಅದೇನು ಬ್ರಹ್ಮವಿದ್ಯೆಯೇ? ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಮದ್ದು. ಅಷ್ಟೇ! ಒಂದು ಎಕರೆ ಕೊಳದಲ್ಲಿ ಸರಾಸರಿ ಐದು ಅಡಿ ನೀರಿದ್ದರೆ ಅದು ಸುಮಾರು 60 ಲಕ್ಷ ಲೀಟರ್. ಒಂದು ಪಿಪಿಎಂ ಎಂದರೆ ಅಲ್ಲಿ 6 ಕಿಲೋ, ಎರಡು ಪಿಪಿಎಂ ಎಂದರೆ 12 ಕಿಲೋ. ಕೊಳ ಅರ್ಧ ಬತ್ತಿದ್ದರೆ ಮದ್ದೂ ಅರ್ಧವಾಗಬೇಕು. ನಾಲ್ಕು ಸಾಲಿನ ಈ ಲೆಕ್ಕವನ್ನು ಏಳನೇ ಕ್ಲಾಸಿನ ಹುಡುಗಿ ಮಾಡಬಲ್ಲಳು, ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ! ಹೇಳಲಿಲ್ಲ. ಹೇಳದೆಯೇ ದುಡ್ಡು ತೆಗೆದುಕೊಂಡರು.

ಈಗ ಕಾನೂನಿನ ವಿಚಾರ ಕೇಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಬೆಳೆಗೆ ಹೊಡೆಯುವ ಕೀಟನಾಶಕದ ಚೀಟಿ, ಕರಪತ್ರಗಳು ಹಿಂದಿ, ಇಂಗ್ಲಿಷಿನ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು. ವಿಷ ಹಿಡಿಯುವ ಕೈಗೆ ತಿಳಿಯುವ ಭಾಷೆ ಬೇಕು ಎಂಬ ಬುದ್ಧಿ 1971ರಲ್ಲೇ ದಿಲ್ಲಿಗೆ ಇತ್ತು! ಆದರೆ ಸಾಮಾನ್ಯ ಪೊಟ್ಟಣಗಳಿಗೆ ಅನ್ವಯಿಸುವ 2011ರ ನಿಯಮ ಏನು ಹೇಳುತ್ತದೆ? ವಿವರಗಳು ಹಿಂದಿಯಲ್ಲಿರಲಿ, ಇಲ್ಲವೇ ಇಂಗ್ಲಿಷಿನಲ್ಲಿರಲಿ. ಅದರ ಜೊತೆಗೆ ಬೇರೆ ಭಾಷೆ ಹಾಕಿದರೆ ಅಡ್ಡಿಯಿಲ್ಲ. 'ಅಡ್ಡಿಯಿಲ್ಲ'ವಂತೆ! ಕನ್ನಡ ಹಾಕಲೇಬೇಕು ಎಂದಲ್ಲ, ಹಾಕಿದರೆ ಸಹಿಸಿಕೊಳ್ಳುತ್ತೇವೆ ಎಂದು. ನಮ್ಮ ನೆಲದಲ್ಲಿ, ನಮ್ಮ ನೀರಿಗೆ ಸುರಿಯುವ ಮದ್ದಿನ ಮೇಲೆ ನಮ್ಮ ಭಾಷೆ ಕಂಪನಿಯವನ ದಯೆ, ದಾಕ್ಷಿಣ್ಯದ ಮೇಲೆ ನಿಂತಿದೆ.

ಭತ್ತದ ಗದ್ದೆಗೆ ಕನ್ನಡ ಬೇಕು, ಪಕ್ಕದ ಮೀನಿನ ಕೊಳಕ್ಕೆ ಬೇಡವೇ? ಒಂದೇ ರೈತ, ಒಂದೇ ಕೈ, ನಡುವೆ ಒಂದು ಬದು ಮಾತ್ರ!

ಉಸಿರು ಕಟ್ಟಿದವನಿಗೆ ಜ್ವರದ ಮಾತ್ರೆ

ನಗರದ ಗೆಳೆಯರೇ, ನಿಮಗೆ ಮೀನು ಎಂದರೆ ಮಿಲಿಟರಿ ಹೋಟೆಲಿನ ತಟ್ಟೆ. ಅದರ ಹಿಂದಿನ ಸತ್ಯ ತಿಳಿದುಕೊಳ್ಳಿ. ಸಾಕಿದ ಮೀನಿನ ರೋಗದಲ್ಲಿ ಬಹುಪಾಲು ಶುರುವಾಗುವುದು ನೀರಿನಿಂದ. ರೋಗಾಣು ಕೊಳದಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ನೀರು ಚೆನ್ನಾಗಿದ್ದರೆ ಮೀನು ಅದನ್ನು ತಡೆದುಕೊಳ್ಳುತ್ತದೆ. ನೀರು ಕೆಟ್ಟು ಮೀನು ಸೊರಗಿದ ದಿನವೇ ರೋಗಾಣುವಿಗೆ ಹಬ್ಬ.

ಹಗಲು ಬಿಸಿಲಿನಲ್ಲಿ ನೀರಿನ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿಯೂ ಮೀನೂ ತಳದ ಕೊಳೆತವೂ ಸೇರಿ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವಿದ್ದರೆ ಕ್ಷೇಮ. 3ಕ್ಕಿಂತ ಕೆಳಗಿಳಿದರೆ ಆಪತ್ತು. ಮೋಡ ಕವಿದ ದಿನಗಳಾದ ಮೇಲೆ ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಇದು ರೋಗವಲ್ಲ, ಉಸಿರುಗಟ್ಟುವುದು! ಆಗ ಬೇಕಾದದ್ದು ಹೊಸ ನೀರು. ಪಂಪು ಹಾಕಿ ನೀರನ್ನು ಚಿಮ್ಮಿಸಬೇಕು, ಆ ದಿನ ಮೇವು ನಿಲ್ಲಿಸಬೇಕು. ಅಂಗಡಿಯವನು ಕೊಡುವುದೇನು? ಆಂಟಿಬಯೋಟಿಕ್! ಉಸಿರು ಕಟ್ಟಿದವನಿಗೆ ಜ್ವರದ ಮಾತ್ರೆ ನುಂಗಿಸಿದ ಹಾಗೆ.

ನಂಬಿಕೆ ಬರಲಿಲ್ಲವೇ? ನಿಮ್ಮ ಬೆಂಗಳೂರಿನ ಹಲಸೂರು ಕೆರೆಯನ್ನೇ ನೆನೆಯಿರಿ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಿದ್ದವು. ಪೇಟೆಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರು. ಯಾವ ಮಾರಿ ಬಡಿದಿತ್ತು? ಯಾವ ಮಾರಿಯೂ ಅಲ್ಲ. ಕೆರೆಗೆ ನುಗ್ಗಿದ ಕೊಳಚೆ, ಬೇಸಿಗೆಯ ಸೆಕೆ, ನೀರಿನಲ್ಲಿ ಕುಸಿದ ಆಮ್ಲಜನಕ. ಮೀನನ್ನು ಕೊಂದದ್ದು ನಮ್ಮ ಮನೆಗಳ ಬಚ್ಚಲು!

ಚರಿತ್ರೆ ಹೊಡೆದ ಪೆಟ್ಟು

ಇದು ನಿನ್ನೆ ಮೊನ್ನೆಯ ಕಥೆಯಲ್ಲ. 1988ರಲ್ಲಿ ಈಶಾನ್ಯ ಭಾರತದ ಮೂಲಕ ಒಂದು ಹುಣ್ಣು ರೋಗ ದೇಶದೊಳಗೆ ಬಂತು. ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿ ಮೀನಿನ ಮೈಯನ್ನು ಕೊರೆದು ಮಾಂಸ ಕಾಣುವಂಥ ಹುಣ್ಣು ಮಾಡುತ್ತದೆ. ಕೊರವ ಮೀನಿನಂಥವು ಮೊದಲ ಬಲಿ. ಕೆಲವೇ ವರ್ಷಗಳಲ್ಲಿ ರೋಗ ದೇಶದ ಬಹುಭಾಗಕ್ಕೆ ಹಬ್ಬಿತು. ಮನುಷ್ಯರಿಗೆ ಅಂಟುವ ರೋಗ ಅದಲ್ಲ. ಆದರೂ ಹೆದರಿದ ಜನ ಮೀನು ಕೊಳ್ಳುವುದನ್ನೇ ಬಿಟ್ಟರು. ಒಂದು ಕಡೆ ಮೀನು ಸತ್ತು ನಷ್ಟ, ಇನ್ನೊಂದು ಕಡೆ ಬದುಕಿದ ಮೀನನ್ನು ಕೇಳುವವರಿಲ್ಲದೆ ನಷ್ಟ. ಒಂದು ರೋಗ, ಎರಡು ಪೆಟ್ಟು! ಎರಡನೆಯ ಪೆಟ್ಟು ಹೊಡೆದದ್ದು ರೋಗವಲ್ಲ, ತಿಳಿವಳಿಕೆಯ ಕೊರತೆ.

1994ರಲ್ಲಿ ಬಿಳಿಚುಕ್ಕೆ ವೈರಸ್ ಸಿಗಡಿಗೆ ಬಡಿಯಿತು. ಪೂರ್ವ ಕರಾವಳಿಯ ಕೊಳಗಳನ್ನು ಬರಿದು ಮಾಡಿ ನಮ್ಮ ಪಶ್ಚಿಮ ಕರಾವಳಿಗೂ ಬಂತು. ಈ ವೈರಸ್ ಹೊಕ್ಕರೆ ಮೂರರಿಂದ ಹತ್ತು ದಿನದೊಳಗೆ ಇಡೀ ಕೊಳ ಖಾಲಿಯಾಗಬಹುದು. ಔಷಧಿ? ಅಂದೂ ಇರಲಿಲ್ಲ, ಇಂದೂ ಇಲ್ಲ! ಪರೀಕ್ಷೆ ಮಾಡಿದ ಮರಿ ತರುವುದು, ವೈರಸ್ ಹೊತ್ತು ತರುವ ಏಡಿ ಒಳಗೆ ಬಾರದಂತೆ ಬೇಲಿ ಕಟ್ಟುವುದು, ನೀರು ಶುದ್ಧಿ ಮಾಡಿ ತುಂಬುವುದು, ಇವಿಷ್ಟೇ ದಾರಿ. ಆದರೂ ವೈರಸ್ಸಿಗೆ ಆಂಟಿಬಯೋಟಿಕ್ ಮಾರುವ ಭೂಪರಿದ್ದಾರೆ. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ ಎಂಬ ಒಂದು ವಾಕ್ಯ ಕನ್ನಡದಲ್ಲಿ ಪ್ರತಿ ಅಂಗಡಿಯ ಗೋಡೆಯ ಮೇಲಿದ್ದಿದ್ದರೆ ಎಷ್ಟು ಸಂಸಾರಗಳ ದುಡ್ಡು ಉಳಿಯುತ್ತಿತ್ತು?

ಇನ್ನೂ ಒಂದು ಮಾತು, ಇದು ನಮ್ಮ ಹೆಮ್ಮೆಯೂ ಹೌದು, ನಾಚಿಕೆಯೂ ಹೌದು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾಯಿತು. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು, ನಮ್ಮದು! ಅಲ್ಲಿನ ವಿಜ್ಞಾನಿಗಳಾದ ಇಡ್ಯ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಮತ್ತು ಸಂಗಡಿಗರು 1994ರಲ್ಲೇ ಜಗತ್ತಿಗೆ ಎಚ್ಚರಿಕೆ ಕೊಟ್ಟರು: ಆಂಟಿಬಯೋಟಿಕ್ಕಿಗೆ ಬಗ್ಗದ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾದಿಂದ ಸಿಗಡಿ ಮರಿಗಳು ರಾಶಿರಾಶಿಯಾಗಿ ಸತ್ತಿವೆ ಎಂದು. ಬರೆದದ್ದು ವಿದೇಶಿ ವಿಜ್ಞಾನ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ. ವಿಜ್ಞಾನಿಗಳು ಅವರ ಕೆಲಸ ಮಾಡಿದರು, ಅದಕ್ಕೆ ಕೈ ಮುಗಿಯೋಣ. ಆದರೆ ಆ ಎಚ್ಚರಿಕೆಯನ್ನು ಕನ್ನಡಕ್ಕೆ ತಂದು ಕುಂದಾಪುರದ ಸಿಗಡಿ ಕೃಷಿಕನ ಬಾಗಿಲಿಗೆ ಮುಟ್ಟಿಸಬೇಕಾದವರು ಯಾರು? ಮಂಗಳೂರಿನಿಂದ ವಿದೇಶಕ್ಕೆ ಹೋದ ಸುದ್ದಿಗೆ ಪಕ್ಕದ ಕುಂದಾಪುರದ ದಾರಿ ಗೊತ್ತಾಗಬೇಡವೇ?

ನಿಮ್ಮ ತಟ್ಟೆಗೂ ಬರುತ್ತದೆ!

"ಅದು ರೈತನ ಪಾಡು, ನನಗೇನು?" ಎನ್ನುವ ಪೇಟೆಯ ಜಾಣರಿಗೆ ಒಂದು ಮಾತು. ಕೊಳಕ್ಕೆ ಸುರಿದ ಆಂಟಿಬಯೋಟಿಕ್ ಕೊಳದಲ್ಲೇ ಉಳಿಯುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಅರಗಿಸಿಕೊಂಡು ಬಲಿಯುತ್ತದೆ. ಬಲಿತ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ಹಂಚುತ್ತದೆ. ನಾಳೆ ನಿಮ್ಮ ಮಗುವಿಗೆ ಜ್ವರ ಬಂದಾಗ ಮದ್ದು ನಾಟದಿದ್ದರೆ ಅದರ ಒಂದು ಬೇರು ಯಾವುದೋ ಕೊಳದಲ್ಲಿರಬಹುದು.

ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಮುಂತಾದವನ್ನು ಸಿಗಡಿ ಸಾಕಣೆಯಲ್ಲಿ ಬಳಸಬಾರದು ಎಂದು ನಿಷೇಧವಿದೆ. ಇವುಗಳ ಶೇಷ ಕಂಡದ್ದಕ್ಕೆ ಯುರೋಪಿನ ಬಂದರುಗಳಿಂದ ನಮ್ಮ ಸಿಗಡಿ ತಿರಸ್ಕೃತವಾದದ್ದೂ ಉಂಟು. ಯುರೋಪಿನವನ ತಟ್ಟೆಗೆ ಹೋಗುವ ಸಿಗಡಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ನಿಮ್ಮ ತಟ್ಟೆಯ ಮೀನಿಗೆ? ಕಾಗದದ ಮೇಲೆ ನಮಗೂ ಮಿತಿಗಳಿವೆ. ಆದರೆ ಸಂತೆಯ ತಕ್ಕಡಿ ಪಕ್ಕ ನಿಂತು ಅದನ್ನು ನೋಡುವವರು ಯಾರು? ನಿಮ್ಮನ್ನು ಕಾಯುವ ಮೊದಲ ಕಾವಲುಗಾರ ಆ ರೈತನೇ. ಅವನಿಗೆ ತಿಳಿಯದ ಭಾಷೆಯಲ್ಲಿ ನಿಷೇಧ ಹೊರಡಿಸಿ, ಆಮೇಲೆ ಅವನನ್ನೇ ಕಳ್ಳ ಎನ್ನುವುದು ಯಾವ ನ್ಯಾಯ?

ಕನ್ನಡದಲ್ಲಿ ಹೇಳಲು ಬರುವುದಿಲ್ಲವೇ?

"ಇದೆಲ್ಲ ತಾಂತ್ರಿಕ ವಿಷಯ, ಕನ್ನಡದಲ್ಲಿ ಪದಗಳಿಲ್ಲ" ಎಂಬ ಹಳೆಯ ರಾಗವನ್ನು ಯಾರಾದರೂ ತೆಗೆದರೆ ಕೆಳಗಿನದನ್ನು ಅವರ ಮುಂದೆ ಓದಿ.

ಕೊಳವನ್ನು ವರ್ಷಕ್ಕೊಮ್ಮೆ ಬತ್ತಿಸಿ, ತಳ ಬಿರುಕು ಬಿಡುವ ತನಕ ಒಣಗಿಸಿ, ಕೊಳೆತ ಕೆಸರು ತೆಗೆಯಿರಿ. ಎಕರೆಗೆ 80ರಿಂದ 120 ಕಿಲೋ ಸುಣ್ಣ ಹಾಕಿ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಇನ್ನೂ ಹೆಚ್ಚು ಬೇಕು, ಮಣ್ಣು ಪರೀಕ್ಷೆ ಮಾಡಿಸಿ. ನೀರಿನ ರಸಸಾರ 7ರಿಂದ 8.5ರೊಳಗೆ ಇರಲಿ. ಎಕರೆಗೆ ಎರಡರಿಂದ ನಾಲ್ಕು ಸಾವಿರ ಮರಿ ಸಾಕು. ಆಸೆಗೆ ಬಿದ್ದು ತುಂಬಿದರೆ ಬಸ್ಸಿನಲ್ಲಿ ಜನ ತುರುಕಿದಂತೆ, ಒಬ್ಬನ ಕೆಮ್ಮು ಎಲ್ಲರಿಗೂ. ಮರಿ ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಕೊಳದ ನೀರಿನ ಮೇಲೆ ತೇಲಿಬಿಟ್ಟು, ನಿಧಾನ ಕೊಳದ ನೀರು ಬೆರೆಸಿ ಆಮೇಲೆ ಬಿಡಿ. ಬಿಡುವ ಮುನ್ನ ನೂರು ಲೀಟರ್ ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಒಂದೆರಡು ನಿಮಿಷ ಮರಿಗಳನ್ನು ಅದ್ದಿ. ಒದ್ದಾಡಿದರೆ ಕೂಡಲೇ ತೆಗೆಯಿರಿ. ಉಳಿದ ಮೇವು ತಳದಲ್ಲಿ ಕೊಳೆಯದಂತೆ ಅಳೆದು ಹಾಕಿ. ಪಕ್ಕದ ಕೊಳದ ಬಲೆಯನ್ನು ಹಾಗೇ ನಿಮ್ಮ ಕೊಳಕ್ಕೆ ಇಳಿಸಬೇಡಿ. ತೊಳೆದು ಬಿಸಿಲಿಗೆ ಒಣಗಿಸಿ. ಸತ್ತ ಮೀನನ್ನು ಕಾಲುವೆಗೆ ಎಸೆಯಬೇಡಿ; ಸುಣ್ಣ ಹಾಕಿ ಹೂಳಿ. ಮೀನು ಏರಿಗೆ ಮೈ ಉಜ್ಜುತ್ತಿದ್ದರೆ ಹಿಡಿದು ನೋಡಿ, ಮೀನು ಹೇನು ಇರಬಹುದು. ಮೇವಿಗೆ ಬಾರದಿದ್ದರೆ, ಮೈ ಕಪ್ಪಾದರೆ, ಹೊಟ್ಟೆ ಊದಿದರೆ ಮೊದಲು ನೀರನ್ನು ಪರೀಕ್ಷಿಸಿ, ಆಮೇಲೆ ಮೀನುಗಾರಿಕೆ ಇಲಾಖೆಯವರನ್ನು ಕರೆಯಿರಿ, ಕೊನೆಗೆ ಮದ್ದು.

ನೋಡಿದಿರಾ? ಯಾವ ಪದಕ್ಕೆ ಕನ್ನಡ ತಡವರಿಸಿತು? ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನೇ ಕನ್ನಡದಲ್ಲಿ ಬರೆದರು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು 'ಹಸುರು ಹೊನ್ನು' ಮಾಡಿ ಕೊಟ್ಟರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕನ್ನಡಕ್ಕೆ ಶಕ್ತಿ ಇದೆ. ಇಲ್ಲದಿರುವುದು ಡಬ್ಬಿ ತುಂಬುವವರಿಗೆ ಮನಸ್ಸು.

ಕೋಪ ಯಾರ ಮೇಲೆ?

ಇಲ್ಲಿ ಒಂದು ಎಚ್ಚರ. ನಮ್ಮಲ್ಲಿ ಬೇಕಾದಷ್ಟು ಮೀನುಮರಿ ತಯಾರಾಗುವುದಿಲ್ಲ, ಆಂಧ್ರದಿಂದ, ಪಶ್ಚಿಮ ಬಂಗಾಳದಿಂದ ತರಿಸುತ್ತೇವೆ. ರೋಗ ಬಂದಾಗ "ಆಂಧ್ರದ ಮರಿ" ಎಂದು ಬೈಯುವುದು ಸುಲಭ. ಬೈದರೆ ಮೀನು ಬದುಕುವುದಿಲ್ಲ. ಮರಿಗೆ ಭಾಷೆ ಇಲ್ಲ, ರೋಗಕ್ಕೆ ರಾಜ್ಯದ ಗಡಿ ಇಲ್ಲ. ಟಿಲಾಪಿಯಾ ಮೀನಿನ ವೈರಸ್ಸನ್ನು ಇಸ್ರೇಲಿನಲ್ಲಿ 2014ರಲ್ಲಿ ಗುರುತಿಸಿದರು, 2018ರ ಹೊತ್ತಿಗೆ ಅದು ಭಾರತದಲ್ಲೇ ಪತ್ತೆಯಾಯಿತು! ನಮ್ಮ ಕೋಪ ತೆಲುಗು ರೈತನ ಮೇಲಲ್ಲ, ಅವನೂ ಇದೇ ಡಬ್ಬಿಯ ಬಲಿ. ನಮ್ಮ ಕೋಪ ಪರೀಕ್ಷೆಯಿಲ್ಲದೆ ಮರಿ ದಾಟಿಸುವ ದಳ್ಳಾಳಿಯ ಮೇಲೆ, ರೋಗ ಯಾವುದೆಂದು ನೋಡದೆ ಡಬ್ಬಿ ಕೈಗಿಡುವ ವ್ಯಾಪಾರಿಯ ಮೇಲೆ, ಕನ್ನಡವನ್ನು 'ಅಡ್ಡಿಯಿಲ್ಲ' ಎಂಬ ಮೂಲೆಗೆ ತಳ್ಳಿದ ನಿಯಮದ ಮೇಲೆ.

ನಮ್ಮ ರಾಜ್ಯವೂ ಸುಮ್ಮನೆ ಕೂತಿಲ್ಲ ಎನ್ನಬಹುದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಬಂದಿದೆ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲೂ ಇರಬೇಕು ಎಂದು ಅದರಡಿ ಸರ್ಕಾರ 2025ರಲ್ಲಿ ಹೇಳಿದೆ. ಸಂತೋಷ! ಆದರೆ ಹೊರ ರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಡಬ್ಬಿ? ಅದು ಜಾರಿಕೊಳ್ಳುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಮೀನು ನುಸುಳುವುದಿಲ್ಲವೇ?

ಕೇಳಬೇಕಾದದ್ದು, ಮಾಡಬೇಕಾದದ್ದು

ಸರ್ಕಾರದ ಮುಂದೆ ನಾವಿಡಬೇಕಾದ ಬೇಡಿಕೆಗಳು ನಾಲ್ಕೇ.

ಒಂದು: ಕರ್ನಾಟಕದಲ್ಲಿ ಮಾರುವ ಪ್ರತಿ ಮೀನು ಔಷಧಿ, ಮೇವಿನ ಪೊಟ್ಟಣದ ಮೇಲೆ, ಅದು ಎಲ್ಲೇ ತಯಾರಾಗಲಿ, ಪ್ರಮಾಣ, ಎಚ್ಚರಿಕೆ, ಮದ್ದು ಹಾಕಿದ ಎಷ್ಟು ದಿನದ ಮೇಲೆ ಮೀನು ಹಿಡಿಯಬಹುದು ಎಂಬುದು ಕನ್ನಡದಲ್ಲಿರಬೇಕು, ಅಳತೆ ಎಕರೆ, ಗುಂಟೆಯಲ್ಲಿರಬೇಕು. ಕೀಟನಾಶಕಕ್ಕೆ ಇರುವ ನಿಯಮ ಇದಕ್ಕೂ ಬರಲಿ.

ಎರಡು: ಹೊರಗಿನಿಂದ ಬರುವ ಮರಿಯ ಜೊತೆ ರೋಗ ಪರೀಕ್ಷೆಯ ಪತ್ರ ಇರಬೇಕು, ಕನ್ನಡದಲ್ಲಿ.

ಮೂರು: ಪ್ರತಿ ಜಿಲ್ಲೆಯಲ್ಲೂ ನೀರು ಮತ್ತು ಮೀನು ಪರೀಕ್ಷೆಗೆ ರೈತನ ಕೈಗೆಟಕುವ ಪ್ರಯೋಗಾಲಯ ಬೇಕು, ವರದಿಯಲ್ಲಿ 'ಈಗ ಏನು ಮಾಡಬೇಕು' ಎಂಬ ಸಾಲು ಕನ್ನಡದಲ್ಲಿರಬೇಕು.

ನಾಲ್ಕು: ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ ಪ್ರತಿ ಮೀನು ಸಂಶೋಧನೆಯ ಸಾರ ಒಂದು ಪುಟದ ಕನ್ನಡದಲ್ಲಿ ಹೊರಬರಬೇಕು.

ಸರ್ಕಾರ ಮಾಡುವ ತನಕ ಕೈ ಕಟ್ಟಿ ಕೂರುತ್ತೀರಾ? ನೀವು ಇಂಗ್ಲಿಷ್ ಕಲಿತವರು. ಆ ಇಂಗ್ಲಿಷ್ ನಿಮಗೆ ಬಂದದ್ದು ಊರಲ್ಲಿ ಯಾರೋ ಕೆಸರು ತುಳಿದು ಫೀಜು ಕಟ್ಟಿದ್ದರಿಂದ. ಆ ಸಾಲ ತೀರಿಸುವ ಸಮಯ ಇದು. ಹಬ್ಬಕ್ಕೆ ಊರಿಗೆ ಹೋದಾಗ ಕೊಳವಿರುವ ಮನೆಗೆ ಹೋಗಿ, ಅಲ್ಲಿರುವ ಡಬ್ಬಿಗಳನ್ನು ತಿರುಗಿಸಿ ಓದಿ. ಹೆಕ್ಟೇರನ್ನು ಎಕರೆ ಮಾಡಿ, ಪಿಪಿಎಂ ಅನ್ನು ಕಿಲೋ ಮಾಡಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕಂಪನಿಗೆ ಕನ್ನಡದಲ್ಲೇ ಪತ್ರ ಬರೆಯಿರಿ: ನಿಮ್ಮ ಮದ್ದು ಇಲ್ಲಿ ಮಾರಾಟವಾಗಬೇಕಾದರೆ ಇಲ್ಲಿಯ ಮಾತು ಕಲಿಯಿರಿ ಎಂದು. ಔಷಧಿ ಅಂಗಡಿಯವನಿಗೆ ಕಲ್ಲು ಹೊಡೆಯಬೇಡಿ. ಅವನ ಗೋಡೆಗೆ ಒಂದು ಕನ್ನಡದ ಹಾಳೆ ಅಂಟಿಸಿ ಬನ್ನಿ: 'ಮೊದಲು ನೀರು ನೋಡಿ, ಆಮೇಲೆ ಮದ್ದು ಕೇಳಿ.'

ಬೋರ್ಡಿನ ಮೇಲಿನ ಕನ್ನಡ ಬೀದಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಡಬ್ಬಿಯ ಮೇಲಿನ ಕನ್ನಡ ನಸುಕಿನಲ್ಲಿ ಕೊಳದ ಏರಿ ಮೇಲೆ ಒಂಟಿಯಾಗಿ ನಿಂತ ರೈತನಿಗೆ ಮಾತ್ರ ಕಾಣುತ್ತದೆ. ಅವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಎರಡೇ ಸಾಲು. ಆ ಎರಡು ಸಾಲನ್ನು ಕನ್ನಡದಲ್ಲಿ ಬರೆಸುವ ತನಕ ನಮ್ಮ ಹೋರಾಟ ಪೇಟೆಯ ಹೋರಾಟವಾಗಿಯೇ ಉಳಿಯುತ್ತದೆ.

ಏಳಿ ಗೆಳೆಯರೇ, ಡಬ್ಬಿ ತಿರುಗಿಸಿ!